ನಾಲ್ಕನೇ ತೊಲೆ

ಹಳೇ ಕಟ್ಟಡಗಳಲ್ಲಿ ಹುದುಗಿರುವ ಉಕ್ಕಿನ ತೊಲೆಗಳನ್ನು ಹುಡುಕಿ, ಉಜ್ಜಿ, ಅಳೆದು, ಇವು ಇನ್ನೆಷ್ಟು ಭಾರ ಹೊತ್ತಾವು ಎಂದು ಹೇಳುವುದು ಆಕೆಯ ಕಸುಬು. ಬಾಗಿಲ ಮೇಲೆ ಎಂಜಿನಿಯರ್ ಎಂಬ ಬೋರ್ಡಿದ್ದರೂ ಊರಿನವರ ಬಾಯಲ್ಲಿ ಆಕೆ ತೊಲೆ ಮೇಡಂ. ಹೊಸದನ್ನು ಕಟ್ಟುವ ಎಂಜಿನಿಯರ್ ಪಕ್ಕ ನಿಂತು ಜನ ಫೋಟೋ ತೆಗೆಸಿಕೊಳ್ಳುತ್ತಾರೆ. ಹಳೇದನ್ನು ನೋಡಲು ಬಂದವಳನ್ನು ಮಾತ್ರ ಕಾಯಿಲೆ ಮನೆಗೆ ಬಂದ ಡಾಕ್ಟರನ್ನು ನೋಡುವಂತೆ ನೋಡುತ್ತಾರೆ. ಬಂದದ್ದು ಒಳ್ಳೆಯದಾಯಿತು, ಬೇಗ ಹೋದರೆ ಇನ್ನೂ ಒಳ್ಳೆಯದು.

ಹೆಡ್‌ಮಾಸ್ತರು ಫೋನು ಮಾಡಿದ್ದೂ ಅಂಥದೇ ದನಿಯಲ್ಲಿ. ಅವರು ಕೆಲಸದಿಂದ ನಿವೃತ್ತರಾಗಿದ್ದರು, ಆದರೆ ಹೆಡ್‌ಮಾಸ್ತರಿಕೆಯಿಂದ ಆಗಿರಲಿಲ್ಲ. ಅವರ ಅಮ್ಮನಿಗೆ ತೊಂಬತ್ತು ತುಂಬುತ್ತಿತ್ತು. ಮಹಡಿಯ ಹಜಾರದಲ್ಲಿ ನೆಂಟರಿಷ್ಟರನ್ನೆಲ್ಲ ಕರೆದು ಊಟ ಹಾಕಿಸಬೇಕೆಂದು ಅವರ ಆಸೆ. ಆದರೆ ಅವರ ಬೀಗರು ಹೋದ ಸಲ ಬಂದಾಗ ನೆಲ ಅದುರಿತೆಂದು ಮುಖ ಊದಿಸಿಕೊಂಡಿದ್ದರು. ಎಂಜಿನಿಯರು ಬರೆದುಕೊಟ್ಟರೆ ಮೆಟ್ಟಿಲು ಹತ್ತುತ್ತೇವೆ, ಇಲ್ಲದಿದ್ದರೆ ಬೀದಿಯಲ್ಲೇ ನಿಂತು ಹಾರೈಸಿ ಹೋಗುತ್ತೇವೆ ಎಂದಿದ್ದರು.

"ಬಂದು ಒಂದು ಸಲ ನೋಡಿ, ಸಹಿ ಹಾಕಿ ಹೋಗಿ ಮೇಡಂ. ಕಾಫಿ ಆರೋದ್ರೊಳಗೆ ಮುಗಿಯೋ ಕೆಲಸ," ಎಂದರು ಹೆಡ್‌ಮಾಸ್ತರು.

ಆಕೆ ಹೋದಳು. ಮಹಡಿಯ ಮೇಲೆ ಹಜಾರ, ಹಜಾರದ ಹಿಂದಿನ ಮೂಲೆಯಲ್ಲಿ ಅಜ್ಜಿಯ ಮಂಚ, ಅದರ ಪಕ್ಕದಲ್ಲೇ ಮರದ ಹಲಗೆಯ ಮರೆ ಕಟ್ಟಿ ಮಾಡಿದ ಬಚ್ಚಲು. ಅಜ್ಜಿ ಮಂಚದ ಮೇಲೆ ಕೂತು ರೇಡಿಯೋದ ಬೆನ್ನು ಬಿಚ್ಚಿ ಒಳಗಿನ ಧೂಳು ಊದುತ್ತಿದ್ದಳು. ಬಂದವಳನ್ನು ತಲೆಯೆತ್ತಿ ನೋಡಿ, "ನೀನೇನಾ ನಮ್ಮನೆ ಬೀಳುತ್ತೆ ಅನ್ನೋಕೆ ಬಂದಿರೋಳು?" ಎಂದು ಕೇಳಿದಳು.

"ಇನ್ನೂ ನೋಡಿಲ್ಲ ಅಜ್ಜಿ," ಎಂದಳು ಮೇಡಂ. "ತೊಲೆ ನೋಡ್ಬೇಕು ಅಂದ್ರೆ ಕೆಳಗಿಂದ ನೋಡ್ಬೇಕು. ಕೆಳಗೆ ದರ್ಜಿ ಅಂಗಡಿ ಇದೆಯಲ್ಲ, ಅಲ್ಲಿಗೆ ಹೋಗೋಣ."

ಹೆಡ್‌ಮಾಸ್ತರ ಮುಖ ಸಣ್ಣದಾಯಿತು. "ನಾವು ಅವನ ಜೊತೆ ಮಾತಾಡಲ್ಲ."

"ಯಾವಾಗಿಂದ?"

"ನನ್ನ ತಮ್ಮನ ಮದುವೆ ಆದಾಗಿಂದ."

ತಮ್ಮನ ಮಗಳು ಆಗಲೇ ಕಾಲೇಜಿಗೆ ಹೋಗುತ್ತಿದ್ದಳು.

ಕೊನೆಗೆ ಹೆಡ್‌ಮಾಸ್ತರು ಕೆಳಗಿಳಿದು ಅಂಗಡಿಯ ಹೊಸ್ತಿಲಾಚೆ, ಬೀದಿಯಲ್ಲೇ ನಿಂತರು. ಒಳಗೆ ಹೋದದ್ದು ಮೇಡಂ ಒಬ್ಬಳೇ. ದರ್ಜಿ ಹೊಲಿಗೆ ಯಂತ್ರದ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದ. ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ಅವನಿಗೂ ಹೆಡ್‌ಮಾಸ್ತರಿಗೂ ನಡುವೆ ಒಂದು ಇಸ್ತ್ರಿ ಮೇಜಿನಷ್ಟು ದೂರ.

"ತೊಲೆ ನೋಡ್ಬೇಕು ಅಂತ ಹೇಳಿ ಅವನಿಗೆ," ಎಂದರು ಹೆಡ್‌ಮಾಸ್ತರು.

"ನೋಡ್ಲಿ ಅಂತ ಹೇಳಿ ಅವರಿಗೆ," ಎಂದ ದರ್ಜಿ.

ಮೇಡಂ ಬೀದಿಯತ್ತ ತಿರುಗಿ, "ನೋಡ್ಲಿ ಅಂತೆ," ಎಂದಳು.

"ಕೇಳಿಸ್ತು," ಎಂದರು ಹೆಡ್‌ಮಾಸ್ತರು.

ಅಂಗಡಿಯ ಚಾವಣಿಯೇ ಕಾಣುತ್ತಿರಲಿಲ್ಲ. ಪೈಜಾಮದ ಗೆರೆಬಟ್ಟೆಯನ್ನು ಈ ಗೋಡೆಯಿಂದ ಆ ಗೋಡೆಗೆ ಎಳೆದು ಮೊಳೆ ಹೊಡೆದಿತ್ತು. ಮೇಲಿನಿಂದ ಮಣ್ಣು ಉದುರುತ್ತದೆ, ಬಿಳಿ ಬಟ್ಟೆ ಹೊಲಿಯಲು ಆಗುವುದಿಲ್ಲ, ಅದಕ್ಕೇ ಹೀಗೆ ಕಟ್ಟಿದ್ದೇನೆ ಎಂದ ದರ್ಜಿ. ಬಟ್ಟೆ ಬಿಚ್ಚಿದಾಗ ಗಾರೆಯ ಹೆಂಟೆ, ತುಕ್ಕಿನ ಸಿಪ್ಪೆ, ಒಣಗಿದ ಹಲ್ಲಿ ಎಲ್ಲವೂ ಮೇಡಂ ತಲೆಯ ಮೇಲೇ ಸುರಿದವು. ಆಕೆಗೆ ಅದು ಹೊಸದಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಏಣಿ ಹತ್ತಿದಳು.

ಗೋಡೆಯಿಂದ ಗೋಡೆಗೆ ಐದು ತೊಲೆಗಳಿದ್ದವು. ಒಂದೊಂದರ ನಡುವೆಯೂ ಇಟ್ಟಿಗೆಯ ಸಣ್ಣ ಕಮಾನು, ಕಮಾನುಗಳ ಬೆನ್ನ ಮೇಲೆ ಮಹಡಿಯ ನೆಲ. ಆಕೆ ತಂತಿ ಬ್ರಷ್ಷಿನಿಂದ ಮೊದಲ ತೊಲೆಯ ಪಕ್ಕೆ ಉಜ್ಜತೊಡಗಿದಳು. ತೊಲೆಗೂ ಹುಟ್ಟುಗುರುತು ಇರುತ್ತದೆ. ಕೆಂಪಗೆ ಕಾದ ಉಕ್ಕು ಉರುಳೆಗಳ ನಡುವೆ ಹಾದು ಬರುವಾಗಲೇ ಅದರ ಮೈಮೇಲೆ ಮಾಡಿದವರ ಅಕ್ಷರ ಮೂಡುತ್ತದೆ. ಅದು ಸಿಕ್ಕಿದರೆ ಕಾಲ ತಿಳಿಯುತ್ತದೆ, ಕಾಲ ತಿಳಿದರೆ ಶಕ್ತಿಯ ಅಂದಾಜು ಸಿಗುತ್ತದೆ. ಸಿಗದಿದ್ದರೆ ಎತ್ತರ, ಅಗಲ, ದಪ್ಪ ಅಳೆದು ಹಳೇ ಕೈಪಿಡಿಗಳೊಂದಿಗೆ ತಾಳೆ ಹಾಕಬೇಕು. ಅದಕ್ಕೂ ಜಗ್ಗದಿದ್ದರೆ ಬೆರಳಷ್ಟು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು.

ಇಲ್ಲಿ ಅಕ್ಷರ ಸಿಕ್ಕಿತು. ಅರ್ಧ ಹೆಸರು, ಒಂದು ನಕ್ಷತ್ರ.

"ಅವನ್ನ ನಮ್ಮ ತಾತ ಮುಳುಗಿದ ಹಡಗಿಂದ ತರಿಸಿದ್ದು," ಎಂದರು ಹೆಡ್‌ಮಾಸ್ತರು ಬೀದಿಯಿಂದ. "ಅಂಥ ಉಕ್ಕು ಈಗ ಸಿಗಲ್ಲ."

ಮೇಲಿನ ಕಿಟಕಿಯಿಂದ ಅಜ್ಜಿಯ ದನಿ ಬಂತು. "ಹಡಗೂ ಇಲ್ಲ, ದೋಣೀನೂ ಇಲ್ಲ. ನಮ್ಮ ಮಾವ ಮುರಿದ ಸೇತುವೆಯಿಂದ ತಂದಿದ್ದು ಅವು."

"ಮೊದಲ ಮೂರು ಮಾಮೂಲಿ ಕಾರ್ಖಾನೆ ತೊಲೆ," ಎಂದಳು ಮೇಡಂ. "ಗಟ್ಟಿಯಾಗಿವೆ. ಐದನೇದು ತೊಲೆಯೇ ಅಲ್ಲ, ರೈಲು ಕಂಬಿ."

ಹೆಡ್‌ಮಾಸ್ತರಿಗೆ ಯಾರೋ ಕುಲ ಎತ್ತಿ ಬೈದಂತಾಯಿತು. "ನಮ್ಮನೆಗೆ ರೈಲು ಕಂಬೀನಾ? ಇನ್ನೊಂದು ಸಲ ನೋಡಿ."

ಆದರೆ ಮೇಡಂ ಆಗಲೇ ನಾಲ್ಕನೆಯದರ ಕೆಳಗೆ ಏಣಿ ಇಟ್ಟಿದ್ದಳು. ಸುತ್ತಿಗೆಯಿಂದ ತಟ್ಟಿದರೆ ಉಳಿದವು ಠಣ್ಣೆನ್ನುತ್ತಿದ್ದವು. ಇದು ಹಿಂದಿನ ಗೋಡೆಯ ಹತ್ತಿರ ಥಪ್ ಎಂದಿತು, ಹಸಿ ಹಲಗೆಯ ಹಾಗೆ. ಮೇಲೆ ಬಚ್ಚಲು, ನೀರು ಯಾವ ಕಾಲದಿಂದ ಇಳಿಯುತ್ತಿತ್ತೋ ಏನೋ. ತುಕ್ಕು ಹಳೇ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಎದ್ದಿತ್ತು. ಆಕೆ ಬೆರಳಿಂದ ಕೆರೆದಳು, ಹಾಳೆಗಳು ಉದುರಿದವು. ಇನ್ನಷ್ಟು ಕೆರೆದಳು. ಆಮೇಲೆ ಬ್ಯಾಟರಿ ಬಿಟ್ಟು ನೋಡಿದಳು.

ಗೋಡೆಗೂ ತೊಲೆಗೂ ನಡುವೆ ಒಂದು ಗೇಣು ಜಾಗ ಖಾಲಿಯಿತ್ತು. ಗೋಡೆಯೊಳಗಿನ ತೂತಿನಲ್ಲಿ ಕೆಂಪು ಪುಡಿ ಬಿಟ್ಟರೆ ಬೇರೇನೂ ಇರಲಿಲ್ಲ. ತುದಿ ತುಕ್ಕಿಗೆ ಕರಗಿಹೋಗಿ, ತೊಲೆ ಈಗ ಗೋಡೆಯನ್ನು ಮುಟ್ಟುತ್ತಲೇ ಇರಲಿಲ್ಲ.

ಹಾಗಾದರೆ ಅದು ನಿಂತಿರುವುದಾದರೂ ಯಾವುದರ ಮೇಲೆ?

ಆಕೆ ಬ್ಯಾಟರಿ ಕೆಳಗೆ ತಿರುಗಿಸಿದಳು. ಗೋಡೆಗೆ ಒರಗಿಸಿ, ತೇವ ತಾಗದಿರಲೆಂದು ಮರದ ದಿಮ್ಮಿಗಳ ಮೇಲೆ ಎತ್ತರಿಸಿ ಇಟ್ಟ ಒಂದು ಹಸಿರು ಕಬ್ಬಿಣದ ಬೀರು ಇತ್ತು. ಹಳೇ ಕಾಲದ್ದು, ದಪ್ಪ ತಗಡಿನದು. ತೊಲೆ ಅದರ ನೆತ್ತಿಯ ಮೇಲೆ ಕೂತಿತ್ತು. ಆಕೆ ತನ್ನ ವಿಸಿಟಿಂಗ್ ಕಾರ್ಡನ್ನು ಎರಡರ ನಡುವೆ ತೂರಿಸಲು ನೋಡಿದಳು. ಕಾರ್ಡು ಮಡಚಿಕೊಂಡಿತೇ ಹೊರತು ಒಳಗೆ ಹೋಗಲಿಲ್ಲ.

"ಈ ಬೀರು ತೆಗೆದು ಎಷ್ಟು ದಿನ ಆಯ್ತು?" ಆಕೆ ಆದಷ್ಟು ಮೆಲ್ಲಗೆ ಕೇಳಿದಳು.

ದರ್ಜಿ ದಾರ ಕೆಳಗಿಟ್ಟ. ಇಷ್ಟು ವರ್ಷ ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದವನಂತೆ ಕನ್ನಡಕ ಮೇಲೇರಿಸಿಕೊಂಡ. "ತೆಗೆಯೋಕೆ ಬರಲ್ಲ ಅಮ್ಮಾ. ಬೀಗ ತಿರುಗುತ್ತೆ, ಬಾಗಿಲು ಬರಲ್ಲ. ಇವರ ತಮ್ಮನ ಮದುವೆ ಕೋಟು ಇದರೊಳಗೇ ಇದೆ. ಮದುವೆ ದಿನ ಬೆಳಿಗ್ಗೆ ಕೊಡೋಣ ಅಂತ ನೋಡ್ತೀನಿ, ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಕೋಟು ಯಾರಿಗೋ ಮಾರಿಕೊಂಡಿದ್ದಾನೆ ಅಂದ್ರು. ಬೀದಿ ಜನದ ಮುಂದೆ ಅಂದ್ರು."

"ಒಡೆದು ತೆಗೀಬಹುದಿತ್ತಲ್ಲ."

"ಒಡೀತಿದ್ದೆ. ಕಳ್ಳ ಅಂದ್ರಲ್ಲ, ಆಮೇಲೆ ಯಾಕೆ ಒಡೀಲಿ? ತಪ್ಪಾಯ್ತು ಅನ್ಲಿ, ಆಗ ಒಡೀತೀನಿ ಅಂತ ಕೂತೆ."

ಬಾಗಿಲು ಬಿಗಿದದ್ದು ತೊಲೆಯ ಭಾರಕ್ಕೆ. ಮೇಡಂ ಏಣಿಯ ಮೇಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದಳು. ಅಜ್ಜಿ, ಮಂಚ, ಬಚ್ಚಲಿನ ತೊಟ್ಟಿ, ತೊಟ್ಟಿಯ ನೀರು, ಕಮಾನಿನ ಇಟ್ಟಿಗೆ. ಈ ಮನುಷ್ಯ ಒಂದು ದಿನ ಹಟ ಬಿಟ್ಟು ಸುತ್ತಿಗೆ ಎತ್ತಿಕೊಂಡಿದ್ದರೆ ಅದೆಲ್ಲ ಕೆಳಗೆ ಬಂದಿರುತ್ತಿತ್ತು. ಆಕೆ ಏಣಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು. ಆದರೂ ನಗು ಬಂತು. ಅದನ್ನು ತಡೆದುಕೊಂಡು ಕೆಳಗಿಳಿದು, ಬೀದಿಗೆ ಬಂದು, ಹೆಡ್‌ಮಾಸ್ತರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬೀರು ಯಾರೂ ಮುಟ್ಟಬಾರದು. ಅಕ್ಕಪಕ್ಕ ತಿರುಪಿನಿಂದ ಏರಿಸಿ ಇಳಿಸುವ ಜಾಕಿ ಕಂಬ ಕೊಡುವವರೆಗೆ ಮೇಲೆ ಆ ಮೂಲೆಗೆ ಯಾರೂ ಹೋಗಬಾರದು. ಅಜ್ಜಿಯ ಮಂಚ ಈಗಲೇ ಮುಂದಿನ ಕೋಣೆಗೆ ಹೋಗಬೇಕು.

ಹೆಡ್‌ಮಾಸ್ತರು ಹೊಸ್ತಿಲಾಚೆಯಿಂದಲೇ ಕತ್ತು ಚಾಚಿ ಬೀರುವನ್ನು ನೋಡಿದರು. ಆಮೇಲೆ, "ಬೀರು ಎಷ್ಟು ಜನರನ್ನ ತಡೆಯುತ್ತೆ ಅಂತ ಬರೆದುಕೊಡೋಕಾಗುತ್ತಾ?" ಎಂದು ಕೇಳಿದರು. "ಬೀಗರಿಗೆ ತೋರಿಸೋಕೆ."

"ಬೀರುಗೆ ಸಹಿ ಹಾಕೋಕೆ ಬರಲ್ಲ ಸರ್ ನನಗೆ."

ಅಜ್ಜಿ ಮಾತ್ರ ಮಂಚ ಬಿಟ್ಟು ಕದಲಲಿಲ್ಲ. ವಿಷಯ ಕೇಳಿ ಆಕೆಗೆ ಭಯವಾಗಿರಲಿಲ್ಲ, ಕುತೂಹಲವಾಗಿತ್ತು. "ಯಾವ ಬಣ್ಣದ ಬೀರು?" ಎಂದು ಕೇಳಿದಳು. ಹಸಿರು ಎಂದಾಗ, "ಒಳ್ಳೆ ಬಣ್ಣ," ಎಂದಳು. ಕೊನೆಗೆ ಮೇಡಂ ಮತ್ತು ಕಿರಿಸೊಸೆ, ಎಂದರೆ ಹೆಡ್‌ಮಾಸ್ತರ ತಮ್ಮನ ಹೆಂಡತಿ, ಸೇರಿ, ಆಕೆ ಕೂತಿದ್ದಂತೆಯೇ ಮಂಚವನ್ನು ಎಳೆದು ಮುಂದಿನ ಕೋಣೆಗೆ ಒಯ್ದರು.

ಅಂದಿನಿಂದ ಆ ಮನೆಯವರ ನಡವಳಿಕೆಯೇ ಬದಲಾಯಿತು. ಮೇಲೆ ಎಲ್ಲರೂ ಬೆಕ್ಕಿನಂತೆ ನಡೆದಾಡಿದರು. ಕಿರಿಸೊಸೆ ಮೆತ್ತನೆಯ ಬಟ್ಟೆ ತಂದು, ಅಂಗಡಿಯೊಳಗೆ ಬಂದು, ಯಾರನ್ನೂ ಮಾತಾಡಿಸದೆ ಬೀರುವಿನ ಧೂಳು ಒರೆಸಿ ಹೋದಳು. ಹೆಡ್‌ಮಾಸ್ತರು ಬೀದಿಯಲ್ಲಿ ನಿಂತು, ಹೊಲಿಗೆ ಯಂತ್ರ ಜೋರಾಗಿ ತುಳಿಯಬಾರದೆಂದು ಹಾದುಹೋಗುವವರ ಮೂಲಕ ಹೇಳಿಸಿದರು. ತರಕಾರಿಯವಳು, ಪೋಸ್ಟ್‌ಮನ್, ಯಾರೋ ದಾರಿ ಕೇಳಲು ನಿಂತವನು, ಎಲ್ಲರೂ ಒಳಗೆ ಬಂದು ದರ್ಜಿಗೆ ಅದನ್ನೇ ಹೇಳಿದರು.

ದರ್ಜಿಯ ತಲೆ ತಿರುಗಿತು. ಜೀವಮಾನದಲ್ಲಿ ಅವನಿಗೆ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಜಾಕಿ ಕಂಬಗಳೊಂದಿಗೆ ಮೇಸ್ತ್ರಿ ಬಂದು ನಿಂತಾಗ ಆತ ಬಾಗಿಲಿಗೆ ಅಡ್ಡ ನಿಂತ.

"ನಾನು ಅಂಗಡಿ ಖಾಲಿ ಮಾಡ್ತಿದ್ದೀನಿ ಅಂತ ಹೇಳಿ ಅವರಿಗೆ. ನನ್ನ ಸಾಮಾನು ನಾನು ತಗೊಂಡು ಹೋಗ್ತೀನಿ. ಬೀರೂನೂ."

ಬೀದಿಯಲ್ಲಿದ್ದ ಹೆಡ್‌ಮಾಸ್ತರಿಗೆ ಜೀವ ಬಾಯಿಗೆ ಬಂತು. "ಬೀರು ಬಿಟ್ಟು ಹೋಗಲಿ ಅಂತ ಹೇಳಿ ಮೇಡಂ."

"ಅದು ನನ್ನ ಹೆಂಡತಿ ತವರಿಂದ ತಂದಿದ್ದು ಅಂತ ಹೇಳಿ."

ಮೇಡಂ ಯಾರಿಗೂ ಏನೂ ಹೇಳಲಿಲ್ಲ. ಇಸ್ತ್ರಿ ಮೇಜಿನ ಮೇಲೆ ಕೂತು, ದರ್ಜಿಯನ್ನೇ ನೇರವಾಗಿ ಕೇಳಿದಳು. "ನಿಮಗೆ ಏನು ಬೇಕು?"

"ಆ ಮದುವೆ ಹುಡುಗ ಬಂದು ತಪ್ಪಾಯ್ತು ಅನ್ಬೇಕು."

ಆ ಹುಡುಗನಿಗೆ ಈಗ ತಲೆ ಬೋಳಾಗಿತ್ತು. ಬಸ್ಸಿನ ಕಂಡಕ್ಟರ್ ಆಗಿದ್ದ. ಡ್ಯೂಟಿ ಮುಗಿಸಿ ಬಂದವನಿಗೆ ಅಣ್ಣ ವಿಷಯ ಹೇಳಿದರೆ ಅವನು ಬ್ಯಾಗನ್ನು ಕುರ್ಚಿಯ ಮೇಲೆ ಒಗೆದ.

"ನಾನ್ಯಾಕೆ ಕೇಳ್ಲಿ? ಭಾವನ ಕೋಟು ಹಾಕ್ಕೊಂಡು ಮದುವೆ ಆದೋನು ನಾನು. ಫೋಟೋದಲ್ಲಿ ನನ್ನ ಬೆರಳೇ ಕಾಣಲ್ಲ."

"ನಿಮ್ಮ ಅಳಿಯನಿಗೆ ಕೈ ಇದೆಯಾ ಅಂತ ನಮ್ಮಮ್ಮನ್ನ ಎಷ್ಟು ಜನ ಕೇಳಿದ್ರು," ಎಂದಳು ಅವನ ಹೆಂಡತಿ. ಯಾರ ಪರ ಎಂಬುದು ಅವಳ ದನಿಯಿಂದ ತಿಳಿಯಲಿಲ್ಲ.

ಮಾತು ಅಲ್ಲಿಗೇ ನಿಂತಿತು. ಮೇಸ್ತ್ರಿ ಮೆಟ್ಟಿಲ ಮೇಲೆ ಕೂತು ಬೀಡಿ ಹಚ್ಚಿದ. ಕೊನೆಗೆ ಮುಂದಿನ ಕೋಣೆಯಿಂದ ಅಜ್ಜಿ ಕೂಗಿ ಹೇಳಿದಳು. "ದರ್ಜೀನ ಕೇಳೋದು ಬೇಡ ಬಿಡೋ. ಬೀರೂನ ಕೇಳು. ಇಷ್ಟು ದಿನ ನನ್ನ ಹೊತ್ತಿದ್ದು ಅದೇ ತಾನೇ."

ಕಂಡಕ್ಟರಿಗೆ ಇದರಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಕೆಳಗಿಳಿದು ಅಂಗಡಿಗೆ ಬಂದು, ಬೀರುವಿನ ಮುಂದೆ ನಿಂತ. ದರ್ಜಿ ಅದರ ಪಕ್ಕದಲ್ಲೇ ಮಡಿಚಿಟ್ಟ ಬಟ್ಟೆಗಳನ್ನು ಮತ್ತೆ ಮಡಿಚುತ್ತಿದ್ದ.

"ತಪ್ಪಾಯ್ತು," ಎಂದ ಕಂಡಕ್ಟರ್ ಬೀರುವಿನ ಹಿಡಿಯನ್ನು ನೋಡುತ್ತ. "ಬಾಗಿಲು ಬರಲ್ಲ ಅಂದಾಗ ನಂಬಬೇಕಿತ್ತು. ಕಳ್ಳ ಅನ್ಬಾರದಿತ್ತು."

ದರ್ಜಿ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಬೀರುವಿನ ಮೇಲೆ ಅಂಗೈ ಇಟ್ಟ.

"ಬೀರು ಏನೂ ಮನಸ್ಸಲ್ಲಿ ಇಟ್ಕೊಂಡಿಲ್ಲ," ಎಂದ ದರ್ಜಿ. "ಕಂಬ ತರೋಕೆ ಹೇಳಿ."

ಬೀರುವಿನ ಎರಡೂ ಪಕ್ಕ ಕಂಬ ನಿಲ್ಲಿಸಿ, ಮೇಲೆ ಅಡ್ಡ ದಿಮ್ಮಿ ಕೊಟ್ಟು, ಮೇಸ್ತ್ರಿ ತಿರುಪು ತಿರುಗಿಸತೊಡಗಿದ. ಮೇಡಂ ವಿಸಿಟಿಂಗ್ ಕಾರ್ಡು ಹಿಡಿದು ಏಣಿಯ ಮೇಲೆ ನಿಂತಿದ್ದಳು. ಭಾರ ಕಂಬಕ್ಕೆ ಬಂದರೆ ಸಾಕು, ತೊಲೆ ಎತ್ತಬಾರದು ಎಂದು ಮೊದಲೇ ಹೇಳಿದ್ದಳು. ಕಾರ್ಡು ಒಳಗೆ ಜಾರಿತು, ಸಾಕು ಎಂದಳು. ಮೇಸ್ತ್ರಿ ಸಾಕು ಎಂದ ಮೇಲೂ ಒಂದು ಸುತ್ತು ತಿರುಗಿಸುವ ಜಾತಿಯವನು. ತಿರುಗಿಸಿದ.

ಬೀರು ನಿಟ್ಟುಸಿರಿನಂಥ ಸದ್ದು ಮಾಡಿತು. ಅದರ ಬಾಗಿಲು ತಾನಾಗಿಯೇ ನಿಧಾನಕ್ಕೆ ತೆರೆದುಕೊಂಡಿತು, ನುಸಿಗುಳಿಗೆಯ ವಾಸನೆ ಅಂಗಡಿ ತುಂಬ ಹರಡಿತು. ಮೊದಲ ಹ್ಯಾಂಗರಿನಲ್ಲೇ ಕೋಟು ಇತ್ತು. ಕಡು ನೀಲಿ, ಒಂದು ಗುಂಡಿಯೂ ಸಡಿಲವಾಗಿರಲಿಲ್ಲ. ಕಂಡಕ್ಟರ್ ಅದರೊಳಗೆ ಒಂದು ತೋಳು ತೂರಿಸಿ ಅಲ್ಲಿಗೇ ನಿಲ್ಲಿಸಿದ. ಇನ್ನೊಂದು ತೋಳಿನವರೆಗೆ ಕೋಟು ಬರುವ ಹಾಗಿರಲಿಲ್ಲ. ದರ್ಜಿ ಕೊರಳಿನಿಂದ ಟೇಪು ತೆಗೆದು, ಅವನ ಹೊಟ್ಟೆಯ ಸುತ್ತಳತೆ ತೆಗೆದುಕೊಂಡ.

ಅಷ್ಟರಲ್ಲಿ ಮೇಲಿನಿಂದ ದಬದಬ ಸದ್ದು ಕೇಳಿಸಿತು. ಬಚ್ಚಲಿಗೆ ಹೋಗಿದ್ದ ಹೆಡ್‌ಮಾಸ್ತರು ಒಳಗೇ ಸಿಕ್ಕಿಹಾಕಿಕೊಂಡಿದ್ದರು. ಆ ಮೂಲೆಗೆ ಯಾರೂ ಹೋಗಬಾರದೆಂಬ ಮಾತನ್ನು ಮನೆಯವರಿಗೆಲ್ಲ ಜೋರಾಗಿ ಹೇಳಿದವರೇ ಅವರು, ಆದರೆ ಅದು ತಮಗೂ ಅನ್ವಯಿಸುತ್ತದೆಂದು ಅವರಿಗೆ ತೋಚಿರಲಿಲ್ಲ. ಮೇಸ್ತ್ರಿ ಕೊನೆಯ ಸುತ್ತು ತಿರುಗಿಸಿದಾಗ ನೆಲ ಎದ್ದು, ಚೌಕಟ್ಟು ಓರೆಯಾಗಿ, ಬಚ್ಚಲಿನ ಬಾಗಿಲು ಬಿಗಿದುಕೊಂಡಿತ್ತು.

"ಬಾಗಿಲು ಬರ್ತಿಲ್ಲ," ಎಂಬ ದನಿ ತೊಲೆಯ ಸಂದಿನಿಂದ ನೇರವಾಗಿ ಅಂಗಡಿಗೆ ಇಳಿಯಿತು.

"ಒಂದು ಸುತ್ತು ಇಳಿಸು," ಎಂದಳು ಮೇಡಂ ಮೇಸ್ತ್ರಿಗೆ.

"ತಡೀರಿ," ಎಂದ ದರ್ಜಿ. "ಇಳಿಸಿದ್ರೆ ನನ್ನ ಬೀರು ಮತ್ತೆ ಮುಚ್ಕೊಂಡ್ರೆ? ಮೊದಲು ಬಟ್ಟೆ ತೆಗೀತೀನಿ."

ಇಳಿಸಿದರೂ ಕಾರ್ಡಿನಷ್ಟು ಸಂದು ಉಳಿಯುತ್ತದೆ ಎಂದು ಮೇಡಂ ಹೇಳಿ ನೋಡಿದಳು. ದರ್ಜಿ ಒಪ್ಪಲಿಲ್ಲ. ಆತ ಅವಸರ ಮಾಡಲಿಲ್ಲ. ಒಂದೊಂದನ್ನೇ ತೆಗೆದು, ಕೊಡವಿ, ಬೆಳಕಿಗೆ ಹಿಡಿದು ನೋಡಿದ. ಇದು ಬ್ಯಾಂಡಿನವನ ಜಾಕೀಟು, ಅವನು ಊರು ಬಿಟ್ಟ. ಇದು ವಕೀಲರ ಕರಿ ಕೋಟು, ಅವರು ಹೋಗಿಬಿಟ್ಟರು. ಇದು ಅವಳಿ ಮಕ್ಕಳ ಅಂಗಿ, ಒಂದಕ್ಕೆ ಜೇಬು ಇಡುವುದು ಮರೆತಿದ್ದೆ.

ಮೇಲೆ ಮತ್ತೆ ಬಡಿದ ಸದ್ದು. ಬಚ್ಚಲಿನೊಳಗೆ ಸಂದೇಶ ಒಯ್ಯಲು ಯಾರೂ ಇರಲಿಲ್ಲ. ಕೊನೆಗೆ ಹೆಡ್‌ಮಾಸ್ತರ ದನಿ ಬಂತು, ತರಗತಿಯ ದನಿಯಲ್ಲ, ಬೇರೆಯದು.

"ದರ್ಜಿಯವರೇ, ಸ್ವಲ್ಪ ಬೇಗ ಮಾಡ್ತೀರಾ?"

ದರ್ಜಿಯ ಕೈಯಲ್ಲಿ ಆಗ ಒಂದು ಬೂದು ಬಣ್ಣದ ಪ್ಯಾಂಟಿತ್ತು. ಆತ ತಲೆ ಎತ್ತಿ ತೊಲೆಯನ್ನು ನೋಡಿ, "ಸಾರ್, ಇದು ನಿಮ್ಮದೇ," ಎಂದ. "ಸೊಂಟ ಬಿಡಿಸೋಕೆ ಕೊಟ್ಟಿದ್ರಿ. ಎಷ್ಟು ಬಿಡ್ಲಿ?"

"ಎರಡು ಇಂಚು," ಎಂದಿತು ಮೇಲಿನ ದನಿ. ಸ್ವಲ್ಪ ತಡೆದು, "ಮೂರು ಬಿಡಿ," ಎಂದಿತು.

ಮೇಸ್ತ್ರಿ ತಿರುಪು ಇಳಿಸಿದಾಗ ಬಚ್ಚಲಿನ ಬಾಗಿಲು ಬಂತು. ಹೊರಗೆ ಬಂದ ಹೆಡ್‌ಮಾಸ್ತರ ಮೈಯೆಲ್ಲ ಬೆವರಾಗಿತ್ತು. ಅವರು ನೆಟ್ಟಗೆ ಮೆಟ್ಟಿಲಿಳಿದು, ಹೊಸ್ತಿಲು ದಾಟಿ ಒಳಗೆ ಬಂದು, ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತರು. ದರ್ಜಿ ನೀರು ಕೊಟ್ಟ, ಕುಡಿದರು.

ಮುಂದಿನ ಕೆಲಸವೆಲ್ಲ ಮಾಮೂಲಿಯದು. ಬಚ್ಚಲಿನ ಸೋರಿಕೆ ಮುಚ್ಚಿದರು. ಸತ್ತ ತುದಿಯನ್ನು ಕತ್ತರಿಸಿ ಹಾಕಿ, ಹೊಸ ಉಕ್ಕಿನ ತುಂಡು ಕೂರಿಸಿ ಬೋಲ್ಟ್ ಹಾಕಿದರು. ಗೋಡೆಯಲ್ಲಿ ಕಲ್ಲಿನ ದಿಂಬು ಇಟ್ಟು ತೊಲೆಯನ್ನು ಅದರ ಮೇಲೆ ನಿಲ್ಲಿಸಿದರು. ಕಂಬ ತೆಗೆಯುವ ದಿನ ಮೇಡಂ ಖುದ್ದಾಗಿ ನಿಂತಿದ್ದಳು. ಆಕೆ ಬರೆದುಕೊಟ್ಟ ಕಾಗದವನ್ನು ಹೆಡ್‌ಮಾಸ್ತರು ಕಟ್ಟು ಹಾಕಿಸಿ ಮೆಟ್ಟಿಲ ಬುಡದಲ್ಲಿ ನೇತುಹಾಕಿದರು.

ಅಜ್ಜಿಯ ಹುಟ್ಟುಹಬ್ಬಕ್ಕೆ ಮೇಡಂಗೂ ಕರೆ ಬಂತು. ಆಕೆ ಮೆಟ್ಟಿಲು ಹತ್ತಿ ನೋಡಿದರೆ ಹಜಾರ ಖಾಲಿಯಿದ್ದಂತೆ ಕಾಣಿಸಿತು. ಖಾಲಿಯೇನೂ ಇರಲಿಲ್ಲ. ದೊಡ್ಡಪ್ಪಂದಿರು, ಚಿಕ್ಕಮ್ಮಂದಿರು, ಸೋದರತ್ತೆಯರು, ಷಡ್ಡಕರು, ಕೊನೆಗೆ ಬೀಗರು, ಎಲ್ಲರೂ ನಾಲ್ಕೂ ಗೋಡೆಗೆ ಬೆನ್ನು ಅಂಟಿಸಿಕೊಂಡು ತಟ್ಟೆ ಹಿಡಿದು ನಿಂತಿದ್ದರು. ಬೀರುವಿನ ಕಥೆ ಎಲ್ಲರ ಕಿವಿಗೂ ಬಿದ್ದಿತ್ತು. ಕಾಗದ ಓದಿದ್ದರು, ನಂಬಿದ್ದರು, ಆದರೂ ಗೋಡೆ ಬಿಟ್ಟು ಬಂದಿರಲಿಲ್ಲ. ನಡುವೆ ವಿಶಾಲ ನೆಲದ ಮೇಲೆ ಒಂದೇ ಒಂದು ಕುರ್ಚಿ, ಅದರಲ್ಲಿ ಹೊಸ ಸೀರೆಯುಟ್ಟ ಅಜ್ಜಿ, ದ್ವೀಪದಲ್ಲಿ ಕೂತವಳ ಹಾಗೆ.

"ಏನು ನನಗೆ ಅಂಟುರೋಗಾನಾ?" ಎಂದು ಅಜ್ಜಿ ಗೊಣಗುತ್ತಿದ್ದಳು.

ಮೇಡಂ ಚಪ್ಪಲಿ ಕಳಚಿಟ್ಟು ನೇರವಾಗಿ ನಡುವಿಗೆ ನಡೆದಳು. ಗೋಡೆಯ ಸುತ್ತ ತಟ್ಟೆಗಳು ನಿಶ್ಶಬ್ದವಾದವು. ಅಜ್ಜಿ ಆಕೆಯ ಕೈ ಹಿಡಿದು ಬಗ್ಗಿಸಿ, ಕಿವಿಯಲ್ಲಿ ಕೇಳಿದಳು. "ಕುಣಿದ್ರೆ ತಡೆಯುತ್ತಾ?"

"ತಡೆಯುತ್ತೆ ಅಜ್ಜಿ."

"ಹಾಗಾದ್ರೆ ಕುಣಿ. ಇವರ ಕಣ್ಣಿಗೆ ಕಾಣಲಿ."

ಇಷ್ಟು ವರ್ಷದ ಕಸುಬಿನಲ್ಲಿ ಮೇಡಂ ಯಾರ ಮನೆಯ ನೆಲದ ಮೇಲೂ ಕುಣಿದವಳಲ್ಲ. ಆಕೆಗೆ ಕಿವಿ ಬಿಸಿಯಾಯಿತು. ಲೆಕ್ಕ ಸರಿಯಿದೆ ಎಂದು ಗೊತ್ತಿತ್ತು, ಆದರೂ ಇನ್ನೊಂದು ಸಲ ಮನಸ್ಸಿನಲ್ಲೇ ಹಾಕಿ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಉಸಿರು ಬಿಗಿಹಿಡಿದು, ಎರಡೂ ಕಾಲು ಜೋಡಿಸಿ ಎಗರಿದಳು. ಧಡ್ ಎಂದಿತು. ಇನ್ನೊಂದು ಸಲ ಎಗರಿದಳು. ಮೂರನೆಯದಕ್ಕೆ ಆಕೆಗೇ ನಗು ಬಂತು.

ಮೊದಲು ಗೋಡೆ ಬಿಟ್ಟು ಬಂದವಳು ಹೆಡ್‌ಮಾಸ್ತರ ಬೀಗಿತ್ತಿ, ಆ ಕೋಣೆಯಲ್ಲೇ ಎಲ್ಲರಿಗಿಂತ ದಪ್ಪಗಿದ್ದ ಹೆಂಗಸು. ಆಕೆ ತಟ್ಟೆಯನ್ನು ಗಂಡನ ಕೈಗೆ ಕೊಟ್ಟು, ಮೇಡಂ ಪಕ್ಕ ಬಂದು ನಿಂತು, "ಎರಡೂ ಕಾಲು ಒಟ್ಟಿಗೇನಾ?" ಎಂದು ಕೇಳಿದಳು.